ಓದಿ ಹೇಳಿದವರು

“ಆ ಮನಿ ಮಾತು ಆಡೋದಿದ್ರ ಇಲ್ಲಿಂದ್ಲೇ ವಾಪಸ್ ಹೋಗ್ರಿ,” ಎಂದರು ಮಸ್ತಾನಬಿ. ಬಾಗಿಲನ್ನು ಅರ್ಧ ತೆರೆದು ಅದಕ್ಕೆ ಅಡ್ಡ ನಿಂತಿದ್ದರು.

ವಾಪಸ್ ಹೋಗುವುದಕ್ಕಾದರೆ ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ ಎಂದು ಈ ಬಿಸಿಲಲ್ಲಿ ಎರಡು ಬಸ್ಸು ಹತ್ತಿ ಬರುತ್ತಿದ್ದೆವೇ? ನಾನು ಅವರ ಕಟ್ಟೆಯ ಮೇಲೆ ಕುಳಿತೇಬಿಟ್ಟೆ. ಅರವತ್ತಮೂರು ವರ್ಷದ ಮೊಣಕಾಲು ಯಾರ ಅಪ್ಪಣೆಗೂ ಕಾಯುವುದಿಲ್ಲ.

“ಒಂದ್ ಗಿಲಾಸ ನೀರು ಕೊಡ್ರಿ ಆಪಾ. ಕುಡದು ಹೋಗ್ತೀವಿ.”

ನೀರು ಕೇಳಿದವರನ್ನು ಈ ಓಣಿಯಲ್ಲಿ ಯಾರೂ ಅಟ್ಟುವುದಿಲ್ಲ. ಮಸ್ತಾನಬಿ ಗೊಣಗುತ್ತ ಒಳಗೆ ಹೋದರು. ಲಾಯರು ದಾನೇಶ್ವರಿ ಫೈಲನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕುಳಿತಳು. ಅವಳು ಬಳಿಚಕ್ರದ ಮೇಷ್ಟ್ರ ಮಗಳು. ನಾನು ಹಣಮಂತ್ರಾಯ, ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಬರೆದು ಬರೆದು ನಿವೃತ್ತನಾದ ಗುಮಾಸ್ತ. ಮನೆಯಲ್ಲಿ ಕುಳಿತರೆ ಹೆಂಡತಿ ಲಾಲಮ್ಮ ಮೆಂತ್ಯ ಸೋಸಲು ಕೊಡುತ್ತಾಳೆ. ಅದಕ್ಕೆ ಈ ಹುಡುಗಿಯ ಹಿಂದೆ ತಿರುಗುತ್ತೇನೆ.

ಗೋಡೆಯ ಆಚೆ ಮನೆಯೇ ದಾನೇಶ್ವರಿಯ ಕಕ್ಷಿದಾರಳಾದ ಉಮೆಸಲ್ಮಾಳದು. ಇಪ್ಪತ್ತಮೂರರ ನರ್ಸು. ತಾಯಿ ಖುರ್ಷೀದಬೇಗಂಗೆ ಎಲುಬಿನ ಕ್ಯಾನ್ಸರ್. ಕಲಬುರಗಿಯ ಡಾಕ್ಟರು ಹತ್ತು ದಿನಕ್ಕಾಗುವಷ್ಟೇ ಬರೆದುಕೊಡುತ್ತಿದ್ದರು, ಮತ್ತೆ ಬೇಕಾದರೆ ರೋಗಿಯನ್ನು ಕರೆತರಬೇಕಿತ್ತು. ಮಂಚದಿಂದ ಏಳಲಾಗದ ತಾಯಿಯನ್ನು ಕಲಬುರಗಿಗೆ ಹೇಗೆ ಒಯ್ಯುವುದು? ಸಲ್ಮಾ ತಾನು ಕೆಲಸ ಮಾಡುತ್ತಿದ್ದ ಶಹಾಪುರದ ಸಣ್ಣ ಆಸ್ಪತ್ರೆಯೊಂದರಲ್ಲಿ ಡಾಕ್ಟರರ ಖಾಲಿ ಚೀಟಿಗಳನ್ನು ಹರಿದುಕೊಂಡು ಮನೆಗೆ ತಂದಳು. ತಾನೇ ಔಷಧಿ ಬರೆದು, ತಾನೇ ಡಾಕ್ಟರರ ಸಹಿ ಹಾಕಿ, ನೋವಿನ ಇಂಜೆಕ್ಷನ್ ತರಿಸಿಕೊಂಡಳು.

ತಪ್ಪೇ. ಅವಳೂ ಕೋರ್ಟಿನಲ್ಲಿ ತಪ್ಪೇ ಎಂದಳು. ಎರಡು ವರ್ಷ ಶಿಕ್ಷೆಯಾಯಿತು. ಮೇಲ್ಮನವಿ ಮುಗಿಯುವ ತನಕ ಜಾಮೀನಿನ ಮೇಲೆ ಮನೆಯಲ್ಲಿದ್ದಾಳೆ.

ಮೊದಲ ತಪ್ಪಿಗೆ, ಇಂಥ ವಯಸ್ಸಿನವರನ್ನು ಜೈಲಿಗೆ ಹಾಕದೆ, ನೆಟ್ಟಗೆ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುವ ಪ್ರೊಬೇಷನ್ ಕಾನೂನು ನಮ್ಮಲ್ಲಿದೆ. ಕೆಳಗಿನ ಕೋರ್ಟು ಅದನ್ನು ಕೊಡಲಿಲ್ಲ. ಕಾರಣ ಒಂದೇ ಸಾಲು, ಪ್ರೊಬೇಷನ್ ಅಧಿಕಾರಿ ಈ ಓಣಿಗೆ ಬಂದು ವಿಚಾರಿಸಿ ಬರೆದ ವರದಿಯದು:

‘ನೆರೆಮನೆಯ ಮಸ್ತಾನಬಿಯವರ ಪ್ರಕಾರ ಆಕೆ ದಿನಾಲೂ ಇಂಜೆಕ್ಷನ್ ಮಾರುತ್ತಾಳೆ. ಓಣಿಯಲ್ಲಿ ಯಾರು ಕೇಳಿದರೂ ಮಾರುತ್ತಾಳೆ.’

ಸೋಮವಾರ ಯಾದಗಿರಿಯ ಜಿಲ್ಲಾ ಕೋರ್ಟಿನಲ್ಲಿ ಮೇಲ್ಮನವಿಯ ವಾದ. ಇವತ್ತು ಶನಿವಾರ. ಆ ಸಾಲು ಹಾಗೇ ನಿಂತರೆ ಸಲ್ಮಾ ಜೈಲಿಗೆ ಹೋಗುತ್ತಾಳೆ, ಆಮೇಲೆ ಆ ತಾಯಿಗೆ ದಿನಕ್ಕೆ ಮೂರು ಸಲ ಸೂಜಿ ಹಾಕುವವರು ಯಾರೂ ಇಲ್ಲ.

ಇನ್ನೊಂದು ಗಂಟೂ ಇತ್ತು. ಕೋರ್ಟಿನ ಮುಂದಿದ್ದ ಖೊಟ್ಟಿ ಚೀಟಿಗಳು ಐದು. ಮೂರು ನನ್ನವು ಎಂದು ಸಲ್ಮಾ ಒಪ್ಪಿಕೊಂಡಳು, ಉಳಿದೆರಡು ಯಾರವು ಎಂದರೆ ಬಾಯಿ ಬಿಡಲಿಲ್ಲ. ಚೀಟಿಯ ತಲೆಯಲ್ಲಿ ‘ರೋಗಿಯ ಹೆಸರು’ ಎಂದು ಕನ್ನಡದಲ್ಲಿ ಅಚ್ಚಾಗಿದೆ. ಮೂರರಲ್ಲಿ ‘ಖುರ್ಷೀದಬೇಗಂ’ ಎಂದು ದುಂಡಗೆ ಬರೆದಿದೆ. ಎರಡರಲ್ಲಿ ‘ಕುರಶೀದಬೇಗಂ’. ಹೆತ್ತ ತಾಯಿಯ ಹೆಸರನ್ನು ತಪ್ಪಾಗಿ ಬರೆಯುವ ಹುಡುಗಿಯಲ್ಲ ಅವಳು. ಆದರೆ ಆ ಗಂಟು ಆಮೇಲೆ ಬಿಚ್ಚಿದರಾಯಿತು ಎಂದು ನಾವಿಬ್ಬರೂ ಬಸ್ಸಿನಲ್ಲೇ ತೀರ್ಮಾನಿಸಿದ್ದೆವು.

ಮಸ್ತಾನಬಿ ನೀರು ತಂದರು. ನಾನು ಗುಟುಕರಿಸುವಷ್ಟರಲ್ಲಿ ದಾನೇಶ್ವರಿ ನೇರ ಕೇಳಿಬಿಟ್ಟಳು. ಈ ಹುಡುಗಿಗೆ ಸುತ್ತು ಬಳಸಿ ಮಾತಾಡುವುದು ಬರುವುದಿಲ್ಲ.

“ಸಲ್ಮಾ ಇಂಜೆಕ್ಷನ್ ಮಾರ್ತಾಳ ಅಂತ ಸಾಹೇಬ್ರ ಮುಂದ ಹೇಳಿದವ್ರು ನೀವೇ ಏನ್ರಿ?”

“ಹೌ. ಮೈಚ್ ಬೋಲಿ.”

ನಾನೇ ಹೇಳಿದ್ದು. ಮುದುಕಿಯ ಮುಖದಲ್ಲಿ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ದಾನೇಶ್ವರಿಯ ಮುಖ ಬಾಡಿತು. ಇವರು ಅಲ್ಲವೆನ್ನುತ್ತಾರೆ, ಅಧಿಕಾರಿ ಸುಳ್ಳು ಬರೆದಿದ್ದಾನೆ ಎಂದು ಅವಳು ನಂಬಿಕೊಂಡು ಬಂದಿದ್ದಳು.

“ಯಾಕ ಹೇಳಿದ್ರಿ?”

“ಕೇಳಿದ್ರು, ಹೇಳ್ದೆ. ಝೂಟ್ ಹೇಳ್ಲೇನು? ಮಾರ್ತಿ. ರೋಜ್ ಮಾರ್ತಿ. ಅವ್ರ ಅಮ್ಮಾಕು ಬೀ ಮಾರ್ತಿ.”

“ಅವ್ವಗೂ ಮಾರ್ತಾಳಾ?”

ನಾನು ಗಿಲಾಸು ಕೆಳಗಿಟ್ಟೆ. ಮಂಚದ ಮೇಲೆ ನರಳುತ್ತಿರುವ ತಾಯಿಗೆ ಯಾವ ಮಗಳು ಇಂಜೆಕ್ಷನ್ ಮಾರುತ್ತಾಳೆ? ಯಾವ ತಾಯಿ ಕೊಳ್ಳುತ್ತಾಳೆ?

“ಆಪಾ, ಹೆಂಗ ಮಾರ್ತಾಳ? ತೋರಸ್ರಿ.”

ಮಸ್ತಾನಬಿ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. ಎಡತೋಳಿನ ಸೆರಗು ಸರಿಸಿ, ಬಲಗೈಯ ಎರಡು ಬೆರಳನ್ನು ತೋಳಿಗೆ ಊರಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ತೋರಿಸಿದರು.

“ಐಸಾ. ಸೂಯಿ ಮಾರ್ತಿ. ನೋವೇ ಆಗಂಗಿಲ್ಲ ಅಕೀ ಕೈಲಿ.”

ನಾನು ಹಣೆ ಹಣೆ ಬಡಿದುಕೊಂಡೆ. ದಾನೇಶ್ವರಿ ಗಾಬರಿಯಾಗಿ ನನ್ನ ಭುಜ ಹಿಡಿದಳು.

“ಏನಾತು ಕಾಕಾ?”

“ಇವ್ರ ದಖನಿ ಉರ್ದೂದೊಳಗ ಸೂಯಿ ಮಾರೋದು ಅಂದ್ರ ಸೂಜಿ ಚುಚ್ಚೋದವ್ವಾ. ಇಂಜೆಕ್ಷನ್ ಕೊಡೋದು. ಅವ್ರ ಮಾತಿನ ಮಾರ್ತಿ ನಮ್ಮ ಕನ್ನಡದ ಮಾರ್ತಾಳ ಆಗಿ ಕೋರ್ಟಿಗೆ ಹೋಗೇತಿ.”

ಅವಳು ತೀರ್ಪಿನ ಪ್ರತಿ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು. ದಿನಾಲೂ ಮಾರುತ್ತಾಳೆ. ಓಣಿಯಲ್ಲಿ ಯಾರು ಕೇಳಿದರೂ ಮಾರುತ್ತಾಳೆ. ಹೌದಲ್ಲ, ಜ್ವರ ಬಂದವರು ತಮ್ಮ ತಮ್ಮ ಇಂಜೆಕ್ಷನ್ ತಂದು ನರ್ಸಮ್ಮನ ಮನೆ ಬಾಗಿಲಿಗೆ ಬರುತ್ತಾರೆ, ಅವಳು ಚುಚ್ಚಿ ಕಳಿಸುತ್ತಾಳೆ. ಒಂದು ಹುಡುಗಿಯ ಉಪಕಾರವೆಲ್ಲ ಒಂದು ಕ್ರಿಯಾಪದದಲ್ಲಿ ಅಪರಾಧವಾಗಿ ಕುಳಿತಿತ್ತು. ಆ ಅಧಿಕಾರಿ ದಕ್ಷಿಣದ ಕಡೆಯಿಂದ ಬಂದು, ಆರು ತಿಂಗಳಲ್ಲಿ ವರ್ಗವಾಗಿ ಹೋದವರು. ದಖನಿ ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ. ಅವರನ್ನು ಬೈಯಲೂ ನನಗೆ ಮನಸ್ಸಾಗಲಿಲ್ಲ.

ನಾನು ಮಸ್ತಾನಬಿಗೆ ಬಿಡಿಸಿ ಹೇಳಿದೆ. ಅವರ ಮಾತು ಕಾಗದದಲ್ಲಿ ಏನಾಯಿತು, ಸಲ್ಮಾ ಏನೆಂದು ತಿಳಿದಳು, ಸೋಮವಾರ ಏನಾಗಬಹುದು.

ಅವರು ಬಾಗಿಲಿಗೆ ಒರಗಿ ಹಾಗೇ ಕೆಳಗೆ ಕುಸಿದು ಕುಳಿತರು.

“ಅದಕ್ಕ ನಾಲ್ಕ್ ತಿಂಗ್ಳಾತು, ನನ್ನ ಖಾಲಾ, ಚಿಗವ್ವಾ ಅಂತ ಕರದಿಲ್ಲ ಅಕಿ,” ಎಂದರು. “ಎದುರಿಗೆ ಬಂದ್ರ ಮಾರಿ ತಿರುವ್ತಾಳ. ನಾ ತಿಳ್ಕೊಂಡೆ, ಕೋರ್ಟು ಕಚೇರಿ ಅಂದಮ್ಯಾಲ ಬಡವ್ರು ಬ್ಯಾಡಾದ್ವಿ ಅಂತ.”

ಆಗ ಗೋಡೆಯ ಆಚೆಯಿಂದ ನರಳುವ ಸದ್ದು ಬಂತು. ಸಣ್ಣದಾಗಿ ಶುರುವಾಗಿ ಏರುತ್ತ ಹೋಯಿತು. ದಾನೇಶ್ವರಿ ತುಟಿ ಕಚ್ಚಿಕೊಂಡಳು. ಮಸ್ತಾನಬಿ ಕೈಯೆತ್ತಿ ನಮ್ಮನ್ನು ಸುಮ್ಮನಾಗಿಸಿ ಒಳಗಿನ ಗಡಿಯಾರ ನೋಡಿದರು. ನಾಲ್ಕಕ್ಕೆ ಎರಡು ನಿಮಿಷವಿತ್ತು.

“ಈಗ ಮಾರ್ತಾಳ,” ಎಂದರು ಮೆಲ್ಲಗೆ.

ಸ್ವಲ್ಪ ಹೊತ್ತಿಗೆ ನರಳಿಕೆ ಇಳಿಯಿತು, ಆಮೇಲೆ ನಿಂತಿತು. ಮಸ್ತಾನಬಿ ತಡೆದಿದ್ದ ಉಸಿರು ಬಿಟ್ಟರು. ಮಾತು ಬಿಟ್ಟ ನಾಲ್ಕು ತಿಂಗಳೂ ಈ ಮುದುಕಿ ದಿನಕ್ಕೆ ಮೂರು ಸಲ ಹೀಗೆ ಗೋಡೆಗೆ ಕಿವಿಗೊಟ್ಟು ಕಾದಿದ್ದಾಳೆ ಎಂದು ತಿಳಿದಾಗ ನನಗೆ ಬಹಳ ಕೆಟ್ಟದೆನಿಸಿತು.

“ನಡೀರಿ,” ಎಂದರು ಎದ್ದು, ತಲೆಯ ಮೇಲೆ ಸೆರಗು ಹೊದ್ದು. “ಎಲ್ಲಿ ಹೆಬ್ಬಟ್ಟು ಒತ್ಬೇಕು ತೋರಸ್ರಿ.”

ಸಲ್ಮಾ ತಾಯಿಯ ಮಂಚದ ಪಕ್ಕ ಸೂಜಿ ಇಟ್ಟ ತಟ್ಟೆ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ಮಸ್ತಾನಬಿಯನ್ನು ಕಂಡು ಬಿಗಿಯಾದಳು. ಅವಳ ಮುಖ ಮೊದಲೇ ಸಣ್ಣದು, ಈಗ ಬರೀ ಕಣ್ಣೇ ಕಾಣುತ್ತಿದ್ದವು.

“ಕ್ಯಾ ಗೇ,” ಎಂದರು ಮಸ್ತಾನಬಿ, “ಸೂಯಿ ಬೇಚ್ತಿ ಬೋಲೀ ಕ್ಯಾ ಮೈ? ಮಾರ್ತಿ ಬೋಲಿ. ಮಾರ್ತಿ.”

ಬೇಚುವುದೆಂದರೆ ವ್ಯಾಪಾರ ಮಾಡುವುದು. ಆ ಒಂದು ಮಾತು ಸಾಕಾಯಿತು. ಮನೆಯಲ್ಲಿ ಅದೇ ದಖನಿ ಆಡುವ ಹುಡುಗಿಗೆ ಇದನ್ನು ಯಾರು ಬಿಡಿಸಿ ಹೇಳಬೇಕಿತ್ತು? ಆದರೆ ಅವಳು ಓದಿದ್ದು ಕೋರ್ಟಿನ ಕನ್ನಡವನ್ನು, ಕೇಳಿದ್ದು ಮಸ್ತಾನಬಿಯ ಬಾಯಿಂದಲ್ಲ. ತಟ್ಟೆಯನ್ನು ಕೆಳಗಿಟ್ಟು “ಖಾಲಾ” ಎಂದಳು. ಅವರ ಹೆಗಲಿಗೆ ಮುಖವಿಟ್ಟು ಅತ್ತಳು. ದಾನೇಶ್ವರಿ ಕಿಟಕಿಯತ್ತ ತಿರುಗಿ ನಿಂತಳು. ನಾನು ಫೈಲಿನಿಂದ ಹಾಳೆ ತೆಗೆದೆ. ಕಣ್ಣು ತೇವವಾದಾಗ ಬರೆಯುವ ಕೆಲಸ ಹಚ್ಚಿಕೊಳ್ಳುವುದು ನನ್ನ ಹಳೆಯ ಚಾಳಿ.

ಹೇಳಿಕೆ ದೊಡ್ಡದೇನಲ್ಲ. ಮಸ್ತಾನಬಿ ಹೇಳುತ್ತ ಹೋದರು, ನಾನು ಕನ್ನಡದಲ್ಲಿ ಬರೆಯುತ್ತ ಹೋದೆ. ಇಂಜೆಕ್ಷನ್ ಚುಚ್ಚುತ್ತಾಳೆ ಎಂಬ ಅರ್ಥದಲ್ಲಿ ಹೇಳಿದ್ದೆ. ಮಾರಾಟ ಮಾಡಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ.

“ಮುಗೀತೇನು?” ಎಂದೆ.

“ಪೈಸೇ ನೈ ಲೇತಿ, ಅದೂ ಬರೀರಿ. ಯಾರ್ ಕಡೆನೂ ಒಂದ್ ಪೈಸೆ ತಗೊಳಂಗಿಲ್ಲ. ಸಾಹೇಬ್ರ ಮುಂದೂ ಹೇಳಿದ್ದೆ.”

ಬರೆದೆ. ಬರೆದು ಪೆನ್ನು ನಿಲ್ಲಿಸಿದೆ. ‘ಮಾರ್ತಿ’ ತಪ್ಪಾಗಿ ಕೇಳಿಸಿತು, ಸರಿ. ಆದರೆ ಪೈಸೆ ಎಂದರೆ ಎಲ್ಲ ಊರಿನಲ್ಲೂ ಪೈಸೆಯೇ. ಕಾಸು ತೆಗೆದುಕೊಳ್ಳದೆ ಮಾರಾಟ ಹೇಗೆ ಎಂದು ಆ ಅಧಿಕಾರಿಗೆ ಒಂದು ಅನುಮಾನವಾದರೂ ಬರಬೇಡವೇ? ಆ ಮಾತು ಅವರ ಕಿವಿಗೆ ತಲುಪಲೇ ಇಲ್ಲವೇ?

ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅದನ್ನು ಅಲ್ಲೇ ಬಿಟ್ಟು ಹಾಳೆಯ ಕೊನೆಗೆ ಬಂದೆ. ಕನ್ನಡ ಓದಲು ಬಾರದವರ ಹೇಳಿಕೆಯಾದರೆ ಕೊನೆಯಲ್ಲಿ ಒಂದು ಸಾಲು ಇರಲೇಬೇಕು. ‘ಓದಿ ಹೇಳಿದವರು’ ಎಂದು ಬರೆದು, ಅದರ ಮುಂದೆ ಆ ಮನುಷ್ಯನ ಹೆಸರು, ಸಂಬಂಧ, ಸಹಿ. ಆ ಸಾಲನ್ನು ನಾನು ಸಾವಿರ ಸಲ ಬರೆದಿದ್ದೇನೆ. ಎಷ್ಟು ಸಲ ಓದಿ ಹೇಳದೇ ಬರೆದಿದ್ದೇನೆ ಎಂಬುದು ನನಗೆ ಮಾತ್ರ ಗೊತ್ತು. ಸಂಜೆಯಾಗುತ್ತಿತ್ತು, ಬಸ್ಸು ತಪ್ಪುತ್ತಿತ್ತು, ಯಾರೋ ಬಡವರು ಹೆಬ್ಬೆರಳು ಚಾಚಿ ನಿಂತಿರುತ್ತಿದ್ದರು. ಆ ಬಡವರ ಮುಖಗಳು ಈಗೀಗ ನೆನಪಾಗುತ್ತವೆ.

“ನೀವೇ ಓದಿ ಹೇಳ್ರಿ ಕಾಕಾ,” ಎಂದಳು ದಾನೇಶ್ವರಿ.

“ಬರದಾವ ಓದಿ ಹೇಳಬಾರದು. ನೀ ಲಾಯರು, ಸಲ್ಮಾ ಆರೋಪಿ. ಎರಡೂ ಭಾಷಾ ಬರೋ ಮತ್ತೊಬ್ರು ಬೇಕು.”

“ಜಾಹೀದಣ್ಣ ಅದಾನಲ್ಲ, ಕರೀತೇನಿ,” ಎಂದು ದಾನೇಶ್ವರಿ ಹೊರಗೆ ಹೋದಳು.

ಜಾಹೀದ ಸಲ್ಮಾಳ ಅಕ್ಕ ಗುಡ್ಡಿಯ ಗಂಡ, ಇಬ್ಬರ ಸಂಸಾರ ಪಕ್ಕದ ಓಣಿಯಲ್ಲೇ. ಮೂವತ್ತೈದರ ಆಸುಪಾಸು. ಬಸ್ ನಿಲ್ದಾಣದಿಂದ ತನ್ನ ಟಂಟಂ ಆಟೋದಲ್ಲಿ ನಮ್ಮನ್ನು ಕರೆತಂದವನು, ಬಾಡಿಗೆ ಕೊಡಲು ಹೋದರೆ ಕೈ ಮುಗಿದವನು. ಕೇಸಾದ ಮೇಲೆ ಕಲಬುರಗಿಯ ಡಾಕ್ಟರು ರೋಗಿಯನ್ನು ಕರೆತರದಿದ್ದರೂ ಸಾಚಾ ಚೀಟಿ ಕೊಡುತ್ತಿದ್ದಾರೆ, ಅದನ್ನು ಹಿಡಿದು ವಾರಕ್ಕೊಮ್ಮೆ ಶಹಾಪುರಕ್ಕೆ ಹೋಗಿ ಅತ್ತೆಗೆ ಇಂಜೆಕ್ಷನ್ ತರುವವನೂ ಅವನೇ. ಇಂಥ ಅಳಿಯ ಸಿಗಬೇಕು ಎಂದು ದಾರಿಯಲ್ಲೇ ಅಂದುಕೊಂಡಿದ್ದೆ, ನನ್ನ ಅಳಿಯನನ್ನು ನೆನೆದು ಎರಡು ಸಲ ಅಂದುಕೊಂಡಿದ್ದೆ. ಓಣಿಯ ಮೂಲೆಯಲ್ಲೇ ಗಾಡಿ ನಿಲ್ಲಿಸಿ, “ಆ ಮುದುಕಿ ಮನಿ ಕಡಿ ನಾ ಬರಂಗಿಲ್ರಿ, ನನ್ನ ಮಾರಿ ಕಂಡ್ರ ಬೈತಾಳ,” ಎಂದಿದ್ದ. ಮುದುಕಿಯರು ಬೈಯುವುದು ಹೊಸದೇ? ನಾನು ಯಾಕೆಂದು ಕೇಳಲಿಲ್ಲ.

ಅಧಿಕಾರಿ ಓಣಿಗೆ ಬಂದ ದಿನ ಮನೆಯಲ್ಲಿ ಯಾರಿದ್ದರು ಎಂದು ನಾವು ಸಲ್ಮಾಳನ್ನು ಮೊದಲೇ ಕೇಳಿದ್ದೆವು. ತಾನು ಲಾಯರ ಹತ್ತಿರ ಯಾದಗಿರಿಗೆ, ದುಲ್ಹೇಭಾಯಿ ಕೆಂಭಾವಿ ಸಂತೆಯ ಬಾಡಿಗೆಗೆ, ಮನೆಯಲ್ಲಿ ಅಮ್ಮಿ ಒಬ್ಬಳೇ ಎಂದಿದ್ದಳು. ದುಲ್ಹೇಭಾಯಿ ಎಂದರೆ ಅಕ್ಕನ ಗಂಡ, ಇದೇ ಜಾಹೀದ.

ಅವನು ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. ಕೆಲಸ ಏನೆಂದು ದಾನೇಶ್ವರಿ ಹೇಳಿದಳು.

“ನನಗ ಓದಾಕ ಅಷ್ಟು ಬರಂಗಿಲ್ರಿ.”

“ಏಳನೇತ್ತೆ ತನಕ ಕನ್ನಡ ಸಾಲಿ ಕಲ್ತೀನಿ ಅಂತ ಬರೋವಾಗ ನೀವೇ ಹೇಳಿದ್ರೆಲ್ಲ,” ಎಂದಳು ಅವಳು. “ನಾಲ್ಕೇ ಸಾಲು ಅದಾವ. ಸಲ್ಮಾನ ಸಲುವಾಗಿ.”

ಅವನು ಒಳಗೆ ಬಂದು ಗೋಡೆಗೆ ತಾಗಿ ಕುಳಿತ. ಹಾಳೆ ಇಸಿದುಕೊಳ್ಳುವ ಮೊದಲು ಎರಡು ಸಲ ಮುಖದ ಬೆವರು ಒರೆಸಿಕೊಂಡ. ಬಿಸಿಲಲ್ಲಿ ಕಾದಿದ್ದಾನೆ, ಪಾಪ ಎಂದುಕೊಂಡೆ. ಕನ್ನಡದ ಒಂದೊಂದು ಸಾಲನ್ನೂ ದಖನಿಯಲ್ಲಿ ಹೇಳುತ್ತ ಹೋದ. ನಾನು ಕಿವಿಗೊಟ್ಟು ಕೇಳಿದೆ, ಒಂದು ಮಾತೂ ತಪ್ಪಲಿಲ್ಲ. ‘ಚುಚ್ಚುತ್ತಾಳೆ’ಗೆ ‘ಮಾರ್ತಿ’ಯನ್ನೇ, ‘ಮಾರಾಟ’ಕ್ಕೆ ‘ಬೇಚನಾ’ವನ್ನೇ ಇಟ್ಟ. ಎರಡು ಭಾಷೆಯ ನಡುವಿನ ಆ ಕಂದಕ ಅವನಿಗೆ ಅಂಗಳದಷ್ಟು ಸಲೀಸು. ಕೊನೆಯ ಸಾಲಿಗೆ ಬಂದಾಗ ಮಾತ್ರ ಒಮ್ಮೆ ಮಸ್ತಾನಬಿಯ ಕಡೆ ನೋಡಿದ. ಪೈಸೇ ನೈ ಲೇತಿ ಎಂದು ಓದಿ ಮುಗಿಸಿದ.

ಪೆನ್ನು ಕೊಟ್ಟೆ. ‘ಓದಿ ಹೇಳಿದವರು’ ಎಂಬುದರ ಮುಂದೆ ತನ್ನ ಹೆಸರು, ಸಂಬಂಧ ಬರೆದು ಸಹಿ ಹಾಕಿ ಹಾಳೆಯನ್ನು ನನ್ನ ಕೈಗಿತ್ತ. ನಾನು ಶಾಯಿಯ ಪ್ಯಾಡು ತೆರೆದೆ. ಮಸ್ತಾನಬಿ ಹೆಬ್ಬೆರಳು ಅದ್ದಿ ಮೇಲೆತ್ತಿದರು. ಹಾಳೆಯ ಮೇಲೆ ಒತ್ತಲಿಲ್ಲ. ಜಾಹೀದನ ಕಡೆ ನೋಡಿದರು.

“ಆಜ್ ಸಬ್ ಬರಾಬರ್ ಪಡ್ಯಾ,” ಎಂದರು. ಆಮೇಲೆ ನನಗೆ ತಿಳಿಯಲೆಂದು ಕನ್ನಡದಲ್ಲಿ, “ಇವತ್ತು ಎಲ್ಲಾ ಸರಿ ಹೇಳ್ದ ನೋಡ್ರಿ ಭಾಯಿಸಾಬ್. ಅವತ್ತು ಆ ಸಾಹೇಬ್ರಿಗೆ ಹೇಳೋವಾಗ ಪೈಸೆದ ಮಾತೇ ಬಿಟ್ಟಿದ್ದ. ಪೈಸೆ ಅನ್ನೋದು ಇವನ ಬಾಯಾಗ ಬರ್ಲೇ ಇಲ್ಲ. ನಾ ಅಲ್ಲೇ ಬೈದೆ.”



“ಅವತ್ತು ಇವ್ರಿದ್ರೇನು?” ದಾನೇಶ್ವರಿಯ ದನಿ ಬದಲಾಗಿತ್ತು.

“ಇವನೇ ಕರ್ಕೊಂಡು ಬಂದಿದ್ದ ಸಾಹೇಬ್ರನ್ನ. ತನ್ನ ಟಂಟಂನ್ಯಾಗ. ಅವ್ರಿಗೆ ನನ್ನ ಮಾತು ತಿಳೀವಲ್ದು, ಇವನೇ ಕನ್ನಡದಾಗ ಹೇಳ್ದ.”

ಜಾಹೀದ ಎದ್ದು ನಿಂತಿದ್ದ. ಬಾಗಿಲಿಗೆ ಎರಡೇ ಹೆಜ್ಜೆಯಿತ್ತು, ಅವನು ಹೋಗಲಿಲ್ಲ. ನೆಲ ನೋಡುತ್ತಿದ್ದ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡಿ ಬೆಳೆದ ಮನುಷ್ಯನಿಗೆ ಮಾರ್ತಿ ಯಾವುದು, ಮಾರ್ತಾಳ ಯಾವುದು ಎಂದು ತಪ್ಪುವುದಿಲ್ಲ. ಗೊತ್ತಿದ್ದೇ ಹೇಳಿದ್ದ. ತನ್ನ ಹೆಂಡತಿಯ ತಂಗಿ ಜೈಲಿಗೆ ಹೋಗಲಿ ಎಂದು ಹೇಳಿದ್ದ.

ಯಾಕೆ?

ನನ್ನ ಕಣ್ಣು ಹಾಳೆಯ ಮೇಲೆ ಬಿತ್ತು. ಶಾಯಿ ಇನ್ನೂ ಹಸಿಯಾಗಿತ್ತು.

‘ಓದಿ ಹೇಳಿದವರು: ಜಾಹೀದ, ಕುರಶೀದಬೇಗಂ ಇವರ ಅಳಿಯ.’

ಕ, ಖ ಅಲ್ಲ. ಅದೇ ವಾಲಿದ ‘ರ’, ಅದೇ ಗಿಡ್ಡ ‘ಶೀ’. ಫೈಲು ತೆರೆದು ಆ ಎರಡು ಚೀಟಿಯ ಪಕ್ಕ ಇಟ್ಟು ನೋಡುವ ಅಗತ್ಯವೇ ಇರಲಿಲ್ಲ. ಆ ಅಕ್ಷರವನ್ನು ಒಂದು ತಿಂಗಳಿಂದ ನೋಡುತ್ತಿದ್ದೇನೆ. ಆ ಎರಡು ಚೀಟಿಯ ಇಂಜೆಕ್ಷನ್ ಈ ಮಂಚದ ತನಕ ಬರಲೇ ಇಲ್ಲ, ಹಾಗಾದರೆ. ಎಲ್ಲಿಗೆ ಹೋದವೋ ಅವನೇ ಹೇಳಬೇಕು. ಮಾರುವವಳು ಸಲ್ಮಾ ಎಂದು ಕೋರ್ಟು ನಂಬಿದರೆ ಆ ಎರಡೂ ಅವಳ ತಲೆಗೇ ಬರುತ್ತಿದ್ದವು.

ತಲೆ ಎತ್ತಿದರೆ ಸಲ್ಮಾ ನನ್ನನ್ನೇ ನೋಡುತ್ತಿದ್ದಳು. ನಾನು ಏನು ಕಂಡೆ ಎಂದು ಅವಳಿಗೆ ತಿಳಿದಿತ್ತು. ಚೀಟಿಗಳ ಅಕ್ಷರವನ್ನು ಅವಳು ಕೋರ್ಟಿನಲ್ಲಿ ಮೊದಲ ದಿನವೇ ಗುರುತಿಸಿದ್ದಳು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಆದರೆ ತನ್ನನ್ನು ಜೈಲಿಗೆ ಕಳಿಸುವ ಮಾತನ್ನು ಹೇಳಿದವನೂ ಅವನೇ ಎಂಬುದು ಅವಳಿಗೆ ಈಗಷ್ಟೇ ಗೊತ್ತಾಗಿತ್ತು. ಒಂದು ಗಳಿಗೆ ಅವಳು ಅವನನ್ನು ನೋಡಿದಳು. ಬೈಯಲಿಲ್ಲ.

“ದುಲ್ಹೇಭಾಯಿ, ಗುಡ್ಡಿ ಆಪಾಗ ಗೊತ್ತೈತೇನು?” ಎಂದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಗುಡ್ಡಿಗೆ ಏಳನೇ ತಿಂಗಳು.

“ಈ ಹಾಳಿ ಬಿಡ್ರಿ ಕಾಕಾ, ಬ್ಯಾರೇದು ಬರೀರಿ,” ಎಂದಳು ದಾನೇಶ್ವರಿ ಅವಸರದಲ್ಲಿ. “ಓದಿ ಹೇಳಾಕ ಓಣ್ಯಾಗ ಮತ್ಯಾರಾದ್ರೂ ಸಿಗ್ತಾರ.”

ಬರೆಯಬಹುದು. ಆದರೆ ಸೋಮವಾರ ಜಡ್ಜರು ಕೇಳುವ ಮೊದಲ ಪ್ರಶ್ನೆ ನನಗೂ ಗೊತ್ತು, ಅವಳಿಗೂ ಗೊತ್ತು. ಆ ದಿನ ಈಕೆಯ ಮಾತನ್ನು ಅಧಿಕಾರಿಗೆ ಕನ್ನಡದಲ್ಲಿ ಹೇಳಿದವರು ಯಾರು? ಆ ಅಧಿಕಾರಿಯನ್ನು ಕರೆಸಿದರೆ ಒಂದೇ ಹೆಸರು ಹೇಳುತ್ತಾರೆ. ಅಲ್ಲಿಂದ ಆ ಎರಡು ಚೀಟಿಗೆ ದೂರವೇನಿಲ್ಲ.

ಸಲ್ಮಾ ಬಂದು ನನ್ನ ಎದುರು ಮೊಣಕಾಲೂರಿ ಕುಳಿತಳು. ಹಾಳೆಯ ಇನ್ನೊಂದು ತುದಿ ಹಿಡಿದಳು. ಎಳೆಯಲಿಲ್ಲ, ಸುಮ್ಮನೆ ಹಿಡಿದಳು.

“ಹರೀರಿ ಕಾಕಾ. ಬ್ಯಾರೇದೂ ಬರೀಬ್ಯಾಡ್ರಿ. ನಾ ಹೋಗ್ತೇನಿ.”

“ಹುಚ್ಚಿ ಇದ್ದಿಯೇನವ್ವಾ,” ಎಂದೆ. “ನೀ ಹೋದ್ರ ನಿಮ್ಮಮ್ಮಿಗೆ ಸೂಜಿ ಹಾಕೋರು ಯಾರು?”

ಮಂಚದ ಮೇಲೆ ಖುರ್ಷೀದಬೇಗಂ ಔಷಧಿಯ ಮಂಪರಿನಲ್ಲಿ ಶಾಂತವಾಗಿ ಮಲಗಿದ್ದರು. ಸಲ್ಮಾ ಒಮ್ಮೆ ಆ ಕಡೆ ನೋಡಿ ನನ್ನ ಕಡೆ ತಿರುಗಿದಳು.

“ಗುಡ್ಡಿ ಆಪಾಗ ಕಲಿಸೇನ್ರಿ,” ಎಂದಳು. “ಎರಡ್ ತಿಂಗ್ಳಾತು. ಈಗ ಚಲೋ ಮಾರ್ತಾಳ.”